ಹೈಮಾದಲ್ಲಿ ಡೀಸೆಲ್

ಮಸ್ಕತ್ತು ಬಿಟ್ಟು ಆರು ತಾಸು,
ಒಂದು ತಿರುವೂ ಸಿಕ್ಕಿಲ್ಲ.
ನಾಳೆ ಸಲಾಲದಲ್ಲಿ ಮದುವೆ, ಮಳೆಯೂ ಉಂಟಂತೆ.
ಮಳೆ ಎಂದ ಕೂಡಲೇ
ನನ್ನ ಡೋಲಿನ ಮುಖ ಸಪ್ಪಗಾಗಿದೆ.

ಹಿಂದಿನ ಸೀಟಿನಲ್ಲಿ ಐತಪ್ಪ ಸೇರಿಗಾರರು
ಬೆಲ್ಟು ಹಾಕಿದ್ದು ತಮಗಲ್ಲ, ಸ್ಯಾಕ್ಸೊಫೋನಿಗೆ.

ಪಂಪಿನಲ್ಲಿ ವ್ಯಾನು ನಿಂತಿತು. ಕಾಗದದ ಲೋಟದಲ್ಲಿ ಚಹಾ.
ರಾತ್ರಿ ಎರಡಕ್ಕೂ ತಿದಿಯೊತ್ತಿದಂಥ ಗಾಳಿ.
ಒಣಗಿದ ರೀಡನ್ನು ನಾಲಿಗೆಯ ಮೇಲಿಟ್ಟುಕೊಂಡು
ಅವರು ಸ್ವಲ್ಪ ಹೊತ್ತು ಮಾತು ಬಿಟ್ಟರು.
ಆಮೇಲೆ ಒಂದು ಷಡ್ಜ, ಒಂದೇ,
ಉಸಿರು ಮುಗಿಯುವ ತನಕ.
ಮರಳಿಗೆ ಹೋದದ್ದು ಮರಳಲಿಲ್ಲ.

ಟ್ಯಾಂಕರಿನಡಿ ಮಲಗಿದ್ದ ಬಲೂಚಿ ಡ್ರೈವರ್
ಎದ್ದು ಕೂತು ಹಿಂದಿಯಲ್ಲಿ ಕೇಳಿದ:
"ಯಾರು ತೀರಿಹೋದರು?"
"ಯಾರೂ ಇಲ್ಲ ಮಾರಾಯ. ಮದುವೆಗೆ ಹೊರಟದ್ದು."
ಅವನು ನಂಬಲಿಲ್ಲ.
ಜೇಬಿನಿಂದ ಎರಡು ಖರ್ಜೂರ ತೆಗೆದು ಕೊಟ್ಟು
ಮತ್ತೆ ಮಲಗಿದ.

ವ್ಯಾನು ಹೊರಟ ಎಷ್ಟೋ ಹೊತ್ತಿನ ಮೇಲೆ
ಹಿಂದಿನಿಂದ ಸೇರಿಗಾರರ ದನಿ:
"ಶ್ರುತಿ ಇಳಿದಿತ್ತಾ?
ಅಲ್ಲ, ನನಗೇ ತಿಳಿಯದೆ
ಯಾರಿಗಾದರೂ ಊದಿದೆನಾ?"

ನಾನು ಖರ್ಜೂರದ ಬೀಜವನ್ನು
ಈ ದವಡೆಯಿಂದ ಆ ದವಡೆಗೆ ಹೊರಳಿಸುತ್ತ
ಎಣಿಕೆ ತಪ್ಪದ ಹಾಗೆ ನೋಡಿಕೊಂಡೆ.