ಕಪಾಟಿನಲ್ಲಿ ಒಂದು ಬಾಯಿ

ದುರ್ಗಿಗುಡಿಯ ಅಡ್ಡರಸ್ತೆ, ಮಹಡಿ ಹತ್ತಿದರೆ ನನ್ನ ಲ್ಯಾಬು.
ಬೋರ್ಡಿಲ್ಲ. ಇಲ್ಲಿಗೆ ರೋಗಿಗಳು ಬರುವುದಿಲ್ಲ,
ಅವರ ಬಾಯಿಗಳು ಬರುತ್ತವೆ
ಒದ್ದೆ ಹತ್ತಿಯಲ್ಲಿ ಸುತ್ತಿಕೊಂಡು,
ಕ್ಲಿನಿಕ್ಕಿನ ಹುಡುಗನ ಸ್ಕೂಟರಿನ ಹ್ಯಾಂಡಲಿಗೆ ನೇತಾಡುತ್ತ.

ಅವತ್ತಿನ ಚೀಟಿ: ವಾರಿಜಾ, ನಲವತ್ತೊಂದು.
ನಿದ್ದೆಯಲ್ಲಿ ಹಲ್ಲು ಕಡಿಯುತ್ತಾರೆ. ಮೇಲಿನ ದವಡೆಗೆ ಗಾರ್ಡು.
ಸೋಮವಾರ ಕುವೈತಿಗೆ ವಿಮಾನ. ಅರ್ಜೆಂಟ್.
ಎಲ್ಲರದೂ ಅರ್ಜೆಂಟೇ.
ಗುಲಾಬಿ ಅಚ್ಚಿನೊಳಗೆ ಕಲ್ಲುಪುಡಿ ಕಲಸಿ ಹೊಯ್ದೆ.
ತುಂಗಾ ಪಾನ ಅನ್ನುತ್ತಾರಲ್ಲ,
ನಮ್ಮ ನಲ್ಲಿಯಲ್ಲಿ ಕಲ್ಲಿಗೂ ಅದೇ ನೀರು.
ಮುಕ್ಕಾಲು ಗಂಟೆ ಬಿಟ್ಟು ಬಿಡಿಸಿದರೆ
ಹದಿನಾಲ್ಕು ಹಳದಿ ಹಲ್ಲು, ಇನ್ನೂ ಬೆಚ್ಚಗೆ.

ಮುಖ ನೋಡದೆ ಹೇಳುತ್ತೇನೆ ನಾನು:
ಇವನು ಟೈಲರ್, ಮುಂದಿನ ಹಲ್ಲಲ್ಲಿ ನೂಲು ಕಡಿದ ಕಚ್ಚು.
ಇವಳು ಬಲಕ್ಕೇ ಅಗಿದು
ಎಡಗಡೆಯ ನೋವನ್ನು ಯಾರಿಗೂ ಹೇಳದವಳು.
ವಾರಿಜಾರ ಕೋರೆಹಲ್ಲು ತುದಿ ಸವೆದು ಬಯಲಾಗಿತ್ತು.
ಹಗಲೆಲ್ಲ ಹಲ್ಲು ಕಚ್ಚಿ ಸಹಿಸಿದ್ದನ್ನು
ರಾತ್ರಿ ಕೂತು ಅರೆದಿದ್ದಾರೆ.
ಚಟ್ನಿಯನ್ನೂ ಯಾರೂ ಅಷ್ಟು ನುಣ್ಣಗೆ ಅರೆಯುವುದಿಲ್ಲ.

ನನಗೆ ಗೊತ್ತು. ಜಿದ್ದಾದಲ್ಲಿ ಆರು ವರ್ಷ
ನೆಲಮಾಳಿಗೆಯಲ್ಲಿ ಬೇರೆಯವರ ಹಲ್ಲಿಗೆ ಹೊಳಪು ಹಾಕಿ,
ಎಂಟು ಜನರ ಕೋಣೆಯಲ್ಲಿ ನನ್ನವನ್ನು ಕಡಿದೆ.
ಮೇಲಿನ ಮಂಚದವನು ಅಂದ,
'ಖಲೀಲ್ ಭಾಯ್, ನಿದ್ದೆಯಲ್ಲಿ ಕಲ್ಲು ತಿನ್ನುತ್ತೀಯಲ್ಲ.'
ಗಾರ್ಡಿಗೆ ಅಲ್ಲಿ ಅರ್ಧ ತಿಂಗಳ ಸಂಬಳ.
ಮಾಡುವವನು ನಾನೇ, ಕೊಳ್ಳಲಾರದವನೂ ನಾನೇ.
ಒಂದು ಶುಕ್ರವಾರ, ಮಾಲೀಕ ಇಲ್ಲದಾಗ,
ಅಂಚು ಸುಟ್ಟು ಮೂಲೆಗೆ ಬಿದ್ದ ಹಾಳೆ ಎತ್ತಿಕೊಂಡು
ನನ್ನ ಬಾಯಿಯ ಅಚ್ಚು ನಾನೇ ತೆಗೆದುಕೊಂಡೆ.
ಓಕರಿಕೆ ಬಂತು, ಕಣ್ಣಲ್ಲಿ ನೀರು ಬಂತು.
ಓಕರಿಕೆಗೇ ಬಂದ ನೀರು ಎಂದಿಟ್ಟುಕೊಳ್ಳಿ.

ಹಾಳೆ ಕಾಯಿಸಿ, ಇಳಿಸಿ, ಅಂಚು ಸವರಿ
ಶನಿವಾರ ಸಂಜೆ ಕಳಿಸಿದೆ. ಸೋಮವಾರ ಆಕೆ ಹೋದರು.
ಕಲ್ಲಿನ ಬಾಯಿ ಇಲ್ಲೇ ಉಳಿಯಿತು.
ಮೂರು ತಿಂಗಳಿಗೆ ಎಸೆಯುವುದು ರೂಢಿ.
ಇದನ್ನು ಎಸೆಯಲಿಲ್ಲ.
ಯಾಕೆಂದು ಕೇಳಬೇಡಿ, ಕಪಾಟಿನಲ್ಲಿ ಜಾಗ ಇತ್ತು.

ಹದಿನಾಲ್ಕು ತಿಂಗಳ ಮೇಲೆ ಫೋನು.
'ನಾನು ಹೊಸನಗರದ ವಾರಿಜಾ. ನಿಮ್ಮ ಗಾರ್ಡು ತೂತಾಯ್ತು.'
ದನಿ ಕೇಳಿದ್ದು ಮೊದಲ ಸಲ; ಬಾಯಿ ಹಳೆಯ ಪರಿಚಯ.
ಆಕೆ ನೋಡಿಕೊಳ್ಳುವ ಅಜ್ಜಿ ಪಕ್ಕದ ಮಂಚದಲ್ಲಂತೆ,
ಕೋಣೆಯಲ್ಲಿ ಇಲಿ ಇದೆ ಎಂದು ನಡುರಾತ್ರಿ ಎದ್ದು ಕೂರುತ್ತಾಳಂತೆ,
ಮಗ ಮೂರು ಬೋನು ತಂದಿಟ್ಟು
ಬೆಳಿಗ್ಗೆ ಬೆಳಿಗ್ಗೆ ಬಗ್ಗಿ ನೋಡಿ 'ಜಾಣ ಇಲಿ' ಅನ್ನುತ್ತಾನಂತೆ.
'ಆ ಇಲಿ ನಾನೇ ಅಂತ ಹೇಳಕ್ಕಾಗತ್ತಾ ಅಣ್ಣ?
ಕೆಲಸ ಹೋಗತ್ತೆ.'
ನಕ್ಕರು. ನಾನೂ ನಕ್ಕೆ.
ಆಮೇಲೆ ಸ್ವಲ್ಪ ಹೊತ್ತು ಇಬ್ಬರೂ ನಗಲಿಲ್ಲ.

'ಇಲ್ಲಿ ಎಂಬತ್ತು ದಿನಾರ್ ಕೇಳ್ತಾರೆ.
ಅಳತೆ ಕೊಡಕ್ಕೆ ಊರಿಗೇ ಬರಬೇಕಾ?'
'ಬೇಡ ಬಿಡಿ ಅಮ್ಮ,' ಎಂದೆ,
'ನಿಮ್ಮ ಬಾಯಿ ಊರಲ್ಲೇ ಇದೆ.'

ಧೂಳು ಊದಿದೆ. ತೆರೆದದ್ದು ತೆರೆದಂತೆಯೇ ಇತ್ತು,
ಏನನ್ನೂ ಕಡಿಯದೆ.
ರಿಪ್ಪನ್‌ಪೇಟೆಯ ಡ್ರೈವರೊಬ್ಬ ಹೊರಟಿದ್ದಾನೆ,
ಅವನ ಚೀಲದಲ್ಲಿ, ಮಿಡಿ ಉಪ್ಪಿನಕಾಯಿ ಬಾಟಲಿಯ ಪಕ್ಕ,
ಸೋಪಿನ ಡಬ್ಬಿಯೊಳಗೆ ಹೊಸ ಗಾರ್ಡು. ಚೀಟಿಯಲ್ಲಿ ಬರೆದೆ:

ಬಿಸಿನೀರಲ್ಲಿ ತೊಳೆಯಬೇಡಿ, ಸೊಟ್ಟಗಾಗುತ್ತದೆ.
ಮೊದಮೊದಲು ಸಡಿಲ ಅನಿಸಬಹುದು.
ಅಲ್ಲಿ ನೀವು ಇನ್ನಷ್ಟು ಸವೆದಿರುತ್ತೀರಿ,
ನನ್ನ ಹತ್ತಿರ ಇರುವುದು ಹೋದ ವರ್ಷದ ನೀವು.

ಕೊನೆಯ ಎರಡು ಸಾಲು ಹೊಡೆದುಹಾಕಿ
ಬೆಲೆ ಬರೆದೆ.