ಖಾಲಿ ಬಿಟ್ಟ ಶುಕ್ರವಾರ

ಹಳೇ ಕ್ಯಾಲೆಂಡರಿನ ಬೆನ್ನ ಮ್ಯಾಲ
ಹನ್ನೊಂದು ಮನಿ ಕೊರದಾರ ಇವರು,
ಸ್ಕೇಲಿಟ್ಟು, ಡಿಪೋದ ಕೆಂಪು ಪೆನ್ನಿಲೆ.
ಇಪ್ಪತ್ತೆರಡು ವರ್ಷ ಬೀದರ್ ಬಸ್‌ಸ್ಟ್ಯಾಂಡಿನಾಗ
ಹುಮನಾಬಾದ್, ಭಾಲ್ಕಿ, ಔರಾದ್ ಅಂತ
ಮೈಕಿನಾಗ ಕೂಗಿದ ಬಾಯಿ
ಈಗ ಮೆಲ್ಲಗ ಕಲೀಲಿಕ್ಕತ್ತದ:
ಫ್ರಾಂಕ್‌ಫರ್ಟ್. ಎರ್ಫುರ್ಟ್. ಲೈಪ್‌ಜಿಗ್.
"ಪ್ಲಾಟ್‌ಫಾರ್ಮ್ ನಂಬರ್ ಮೂರಕ್ಕ ಬರ್ತದ"
ಅಂತ ಕೊನೀಗೆ ತಾನೇ ಸೇರಿಸಿ ನಗ್ತದ.

ಲೈಪ್‌ಜಿಗ್‌ನಾಗ ಇವರ ಅಕ್ಕ ಎಸ್ತರ್, ನರ್ಸು.
ಆಕಿ ಕಳಿಸಿದ ಆಮಂತ್ರಣದ ಕಾಗದ
ಮುದುಡಬಾರದಂತ ಬೈಬಲ್ಲಿನಾಗ ಇಟ್ಟೀನಿ.
ಐದು ವರ್ಷ ನಾ ಹಾಕಿದ ಭಿಶಿ ರೊಕ್ಕ ಟಿಕೇಟಿಗೆ ಹೋತು.
ಸಣ್ಣಾಕಿಗೆ ಅರ್ಧ ಟಿಕೇಟ್ ಇಲ್ಲಂತ, ಮುಕ್ಕಾಲಂತ.
"ಮುಕ್ಕಾಲು ಮಂದಿ ಇರ್ತಾರೇನ್ರಿ ಎಲ್ಲರೆ?"
ಏಜೆಂಟನ ಜೋಡಿ ಅರ್ಧ ತಾಸು ಜಗಳ.

ಜೋಯಲ್ಲಿಗೆ ಹದಿಮೂರು. ಅವನ ಮನಿ ಮೂರು:
ಫುಟ್‌ಬಾಲ್ ಮೈದಾನ, ಕಾರಿನ ಮ್ಯೂಸಿಯಂ,
ಇನ್ನೊಂದು ಫುಟ್‌ಬಾಲ್ ಮೈದಾನ.
ಇವರದು ಒಂದೇ: ರೈಲ್ವೆ ಸ್ಟೇಷನ್ನು. ಸುಮ್ಮ ಕುಂತು ನೋಡಲಿಕ್ಕ.
ಅಲ್ಲಿನ ರೈಲೂ ತಡ ಆಗ್ತಾವಂತ ಅಕ್ಕ ಹೇಳಿದ ರಾತ್ರಿ
"ಹಂಗಾರ ನಮ್ಮವರೇ ಅವರು" ಅಂತ
ಇನ್ನೊಂದು ರೊಟ್ಟಿ ಹಾಕಿಸಿಕೊಂಡರು.
ಮಿನ್ನಿ ಕೇಳ್ತಾಳ, ಒಂಬತ್ತಾದ್ರೂ ಹೊತ್ತು ಮುಳುಗಂಗಿಲ್ಲಂದ್ರ
ರಾತ್ರಿ ಊಟ ಬೆಳಕಿನಾಗ ಮಾಡೂದೇನು,
ಮಾಡಿದ್ರ ಅದು ರಾತ್ರಿ ಊಟ ಹೆಂಗಾದೀತು?

ಕರುಣಾ ಏನೂ ಬರೀಲಿಲ್ಲ.
ಹದಿನಾರು. ಕಿವ್ಯಾಗ ವೈರು, ಕಣ್ಣು ಗ್ವಾಡಿಗೆ.
"ನೀ ಏನು ನೋಡ್ತಿ ಹೇಳವ್ವ" ಅಂದ್ರ
"ಏನಾದ್ರೂ" ಅಂತಾಳ.
ಆ "ಏನಾದ್ರೂ" ಅನ್ನೂ ಊರು
ನಾ ಹುಡುಕಿದ ನಕಾಶೆಯಾಗ ಇಲ್ಲ.

ವೀಸಾ ಫೋಟೋಕ್ಕ ಚೌಬಾರಾ ಹತ್ತಿರ ಹೋದಿವಿ.
ನಗಬಾರದು, ಹಲ್ಲು ಕಾಣಬಾರದು.
ಮಿನ್ನಿ ಏಳು ಸಲ ನಕ್ಕಳು.
"ನಾಳಿ ಸಾಲಿ ಅದ ನೋಡು" ಅಂದ ಫೋಟೋದಾವ,
ಮುಖ ತಾನೇ ಸರಿಯಾತು.
ಕರುಣಾಂದು ಒಂದೇ ಏಟಿಗೆ ಪಾಸು.
ನಗಬ್ಯಾಡ ಅಂದ ಕೂಡಲೇ ನಗೂದು ನಿಲ್ಲಿಸೂದು
ಯಾವಾಗ ಕಲಿತಳು ಈಕಿ,
ನಾ ಎಲ್ಲಿದ್ದೆ ಆವಾಗ?

ಏಪ್ರಿಲ್ ಇಪ್ಪತ್ತು. ನೆತ್ತಿ ಮ್ಯಾಲ ನಲವತ್ತೊಂದು ಡಿಗ್ರಿ.
ಮಂಗಲಪೇಟೆ ತುಂಬ ಕರೆಂಟಿಲ್ಲ.
ಜನವರಿಯಾಗ ಕೊಂಡ ಸ್ವೆಟರ್ ತೊಟ್ಟು
ಐದೂ ಮಂದಿ ಸಾಲಿಗೆ ನಿಂತೀವಿ, ಅಳತಿ ನೋಡಲಿಕ್ಕ,
ಬೆವರು ಸುರೀಲಿಕ್ಕತ್ತದ.
ಮೂರು ತಿಂಗಳಿನಾಗ ಜೋಯಲ್ಲಿನ ತೋಳು ಎರಡು ಬೆರಳು ಗಿಡ್ಡ.
ಬಾಜೂ ಮನಿ ಶಾಹೀನಾ ಬೇಗಂ ಇಣಿಕಿ
"ಜ್ವರ ಬಂದಾವೇನ್ರಿ ಎಲ್ಲಾರಿಗೂ?"

ಮೊದಲು ನಕ್ಕಾಕಿ ಕರುಣಾ.
ಹೊಟ್ಟಿ ಹಿಡಕೊಂಡು, ನೆಲಕ್ಕ ಕುಂತು,
ಕಿವಿ ವೈರು ಕಳಚಿ ಬಿದ್ದದ್ದೂ ಖಬರಿಲ್ಲ.

ಆಮ್ಯಾಲ ಸ್ವೆಟರಿನ ಕುತ್ತಿಗ್ಯಾಗ ತಲಿ ಸಿಕ್ಕೊಂಡು
ಒಳಗಿಂದೇ ಅಂದಳು, "ಒಂದಿನ ಖಾಲಿ ಬಿಡ್ರಿ."
"ಖಾಲಿ ಅಂದ್ರ?"
"ಎಲ್ಲೂ ಹೋಗೂದು ಬ್ಯಾಡ. ಅತ್ತಿ ಡ್ಯೂಟಿಗೆ ಹೋಗ್ಲಿ.
ಎಚ್ಚರಾದಾಗ ಏಳೂದು.
ನಾ ಹೋಗಿ ಅಂಗಡಿಯಿಂದ ಬ್ರೆಡ್ ತರ್ತೀನಿ. ನಾನೊಬ್ಬಾಕಿ."

ಇವರು ಪೆನ್ನಿನ ಟೊಪ್ಪಿಗಿ ಹಾಕಿದರು, ತೆಗೆದರು, ಹಾಕಿದರು.
ಖಾಲಿ ಬಸ್ಸು ಬಿಡೂದಂದ್ರ ಇವರ ಹೊಟ್ಟಿ ಉರೀತದ.
ಕೊನೀಗೆ ಒಂಬತ್ತನೇ ಮನಿ, ಶುಕ್ರವಾರ,
ಕಾರಿನ ಮ್ಯೂಸಿಯಂ ಮ್ಯಾಲ ಬಿಳಿ ಕಾಗದ ಅಂಟಿಸಿದರು.
ಜೋಯಲ್ ಬಾಗಿಲ ಬಡದು ಮಾಳಗಿ ಹತ್ತಿದ,
ಸ್ವೆಟರ್ ತೊಟ್ಟೇ ಹತ್ತಿದ,
ಎರಡು ನಿಮಿಷಕ್ಕ ಇಳದು ಬಂದ.

ರಾತ್ರಿ ಎಲ್ಲಾರೂ ಮಲಗಿದ ಮ್ಯಾಲ
ಕ್ಯಾಲೆಂಡರ್ ಸುತ್ತಿಡಲಿಕ್ಕ ಹೋದೆ.
ಆ ಬಿಳಿ ಮನ್ಯಾಗ, ಮೂಲಿಗೆ,
ಪೆನ್ಸಿಲ್ಲಿಲೆ, ಕರುಣಾನ ಇರುವಿ ಅಕ್ಷರ:
ಮಮ್ಮಿ ಬಂದ್ರ ನಡೀತದ.
ದಾರ್ಯಾಗ ಪಿಯುಸಿ ಮಾತು ತೆಗೀಬಾರದು.