ಪ್ರಶ್ನೆ ಅರವತ್ತೆರಡು

ಅಲಹಾಬಾದಿನ ಸಲೋರಿಯ ಗಲ್ಲಿಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ.
ಪುಟಕ್ಕೆ ಎರಡು ರೂಪಾಯಿ; ಆಕ್ಷೇಪಣೆಯ ವಾರ ಮಾತ್ರ ಒಂದೇ.
ನಾನೂ ಬರೆದವನು ಒಂದು ಕಾಲಕ್ಕೆ,
ಅಂಕದ ಮೂರನೇ ಒಂದು ಪಾಲಿಗೆ ದಡ ತಪ್ಪಿದವನು.

ಕೀ ಉತ್ತರ ಹೊರಬಿದ್ದ ರಾತ್ರಿ ಇಲ್ಲಿ ಯಾರಿಗೂ ನಿದ್ದೆಯಿಲ್ಲ.
ಹತ್ತಡಿ ಕೋಣೆಗಳಿಂದ ಇಳಿದು ಬರುತ್ತಾರೆ
ಪುಸ್ತಕದ ನಡುವೆ ಬೆರಳಿಟ್ಟುಕೊಂಡು,
ತೆಗೆದರೆ ಸಾಕ್ಷಿ ಓಡಿಹೋದೀತು ಎಂಬಂತೆ.
ಒಬ್ಬನ ಪುಸ್ತಕ ‘ಎ’ ಅನ್ನುತ್ತದೆ, ಇನ್ನೊಬ್ಬನದು ‘ಸಿ’.
ಎರಡನ್ನೂ ಒಂದೇ ಗಾಜಿನ ಮೇಲೆ ಬೋರಲು ಮಲಗಿಸುತ್ತೇನೆ.
ಹಸಿರು ಬೆಳಕು ಎರಡನ್ನೂ ಸವರಿ ಹೋಗುತ್ತದೆ.

ಕೊನೆಯ ರಾತ್ರಿ ಹನ್ನೊಂದಕ್ಕೆ ಬಂದಳು ಸುಗಂತಿ ನಿಷಾದ್.
ಕೈಯಲ್ಲಿ ಪುಸ್ತಕವಿಲ್ಲ. ನಮೂನೆ ಮಾತ್ರ.
‘ಪುರವೈಯಾ ಗಾಳಿ ಯಾವ ದಿಕ್ಕಿಗೆ ಬೀಸುತ್ತದೆ?’
ಆಯೋಗದ ಉತ್ತರ: ಪೂರ್ವಕ್ಕೆ.
‘ನೀನೇನು ಗುರುತು ಹಾಕಿದ್ದೆ?’
‘ಪೂರ್ವಕ್ಕೇ. ಅವಸರ, ಹೆಸರು ನೋಡಿ ಮೋಸಹೋದೆ.’
‘ಅಂಕ ಬಂತಲ್ಲ ಮಾರಾಯ್ತಿ!
ತಟ್ಟೆಗೆ ಬಿದ್ದದ್ದನ್ನು ಯಾರಾದರೂ ತಿರುಗಿ ಬಡಿಸುತ್ತಾರಾ?’

ಅವಳು ಸ್ಟೂಲಿನ ಮೇಲೆ ಕೂತಳು.
‘ಪರೀಕ್ಷೆಯ ದಿನ ಅಪ್ಪನಿಗೆ ಹೇಳಿದೆ, ಹೀಗೆ ಬರೆದೆ ಅಂತ.
ಹುಟ್ಟು ನಿಲ್ಲಿಸಿ ನಕ್ಕ, ದೋಣಿ ಅಡ್ಡ ತಿರುಗುವಷ್ಟು.
ಮೂಡಲಿಂದ ಗಾಳಿ ಎದ್ದಾಗಲ್ಲವೇನೇ
ನಾವು ಹಾಯಿ ಬಿಚ್ಚಿ ಹೊಳೆಗೆ ಎದುರಾಗಿ ಏರಿದ್ದು?
ಅದು ಪೂರ್ವಕ್ಕೆ ಬೀಸಿದ್ದರೆ ನಿನ್ನಜ್ಜ ಇಷ್ಟು ಹೊತ್ತಿಗೆ
ಸಮುದ್ರದಲ್ಲಿರುತ್ತಿದ್ದ, ಅಂದ.
ಮೊನ್ನೆ ಕೀ ಉತ್ತರ ಬಂತು. ನಾನು ಸರಿ ಅಂತ ಓದಿ ಹೇಳಿದೆ.
ಅಪ್ಪ ನಗಲಿಲ್ಲ.
ಸರ್ಕಾರ ಹೇಳಿದ ಮೇಲೆ ಇದ್ದೀತು, ಅಂದ.
ನಿನ್ನೆ ಬೆಳಿಗ್ಗೆ ಘಾಟಿನಲ್ಲಿ ನಿಂತು
ಒದ್ದೆ ಬೆರಳೆತ್ತಿ ನೋಡುತ್ತಿದ್ದ,
ಐವತ್ತು ವರ್ಷದಲ್ಲಿ ಮೊದಲ ಸಲ.’

ನಾನು ಮತ್ತೆ ಬುದ್ಧಿ ಹೇಳಲಿಲ್ಲ.

ನಮೂನೆಯಲ್ಲಿ ಅಪ್ಪನಿಗೆ ಕಾಲಂ ಇಲ್ಲ:
ಪುಸ್ತಕ, ಲೇಖಕ, ಆವೃತ್ತಿ, ಪುಟ.
ಬೇಸಿಗೆಯಲ್ಲಿ ಮುರಿದ ನನ್ನ ಮೊಣಕೈ
ಪುರವೈಯಾ ಎದ್ದ ದಿನವೆಲ್ಲ ನೋಯುತ್ತದೆ;
ಅದಕ್ಕೂ ಆವೃತ್ತಿಯಿಲ್ಲ.
ಗೈಡುಗಳೆಲ್ಲ ತಡಕಿದೆವು. ಎಲ್ಲದರಲ್ಲೂ ಒಂದೇ ಸಾಲು:
‘ಪುರವೈಯಾ ಎಂದರೆ ಪೂರ್ವದ ಗಾಳಿ.’
ಪೂರ್ವದಿಂದಲೋ ಪೂರ್ವಕ್ಕೋ? ಗೈಡು ಬಾಯಿ ಬಿಡುವುದಿಲ್ಲ.

ಹನ್ನೆರಡಕ್ಕೆ ಕಾಲು ಗಂಟೆ ಇರುವಾಗ ನೆನಪಾಯಿತು,
ಯಂತ್ರದ ಕುಂಟು ಕಾಲಿನಡಿ ಒತ್ತಿಟ್ಟ
ಎಂಟನೇ ತರಗತಿಯ ಭೂಗೋಳ, ರಟ್ಟಿಲ್ಲದ್ದು.
ಎಳೆದೆ. ಎಪ್ಪತ್ತೊಂದನೇ ಪುಟ, ಗೆದ್ದಲು ಬಿಟ್ಟಷ್ಟು:
‘ಪೂರ್ವದಿಂದ ಪಶ್ಚಿಮಕ್ಕೆ.’
ಊರೆ ತಪ್ಪಿದ ಯಂತ್ರ ವಾಲಿತು;
ಪ್ರತಿಯಲ್ಲಿ ಆ ಸಾಲು ಓರೆಯಾಗಿ ಬಂತು,
ಗಾಳಿಗೆ ಸಿಕ್ಕ ಹುಲ್ಲಿನ ಹಾಗೆ.
ಮರುದಿನ ಬೆಳಿಗ್ಗೆ ಕಿಟಕಿ ತೆರೆದಾಗ
ಗುಮಾಸ್ತ ಕೇಳಿದನಂತೆ, ಇದೇನು ಸೊಟ್ಟ? ಹೊತ್ತು ಮೀರಿದೆ ಬೇರೆ.
ತಗೊಂಡನಂತೆ ಆದರೂ. ಮೊಹರು ಒತ್ತಿದನಂತೆ.

ಮೂರು ತಿಂಗಳಿಗೆ ಅಂತಿಮ ಉತ್ತರ ಬಂತು.
ಪ್ರಶ್ನೆ ಅರವತ್ತೆರಡು: ರದ್ದು. ಎಲ್ಲರಿಗೂ ಅಂಕ.
ಸರಿ ಬರೆದವರಿಗೆ, ತಪ್ಪು ಬರೆದವರಿಗೆ,
ಖಾಲಿ ಬಿಟ್ಟು ಬಂದವರಿಗೆ.
ಪೂರ್ವಕ್ಕೂ ಅಲ್ಲ, ಪಶ್ಚಿಮಕ್ಕೂ ಅಲ್ಲ,
ಗಾಳಿಯನ್ನೇ ತೆಗೆದುಹಾಕಿದರು.
ಎಲ್ಲರ ಅಂಕ ಏರಿದ್ದಕ್ಕೆ ಗೆರೆಯೂ ಏರಿತು, ನೆರೆಯ ಹಾಗೆ.

ಪಟ್ಟಿಯಲ್ಲಿ ಅವಳ ಸಂಖ್ಯೆ ಇತ್ತೇ? ನಾನು ಕೇಳಲಿಲ್ಲ.
ಮುಂದಿನ ವರ್ಷದ ಅರ್ಜಿಗೆ ಎರಡು ಪ್ರತಿ ತೆಗೆಸಿದಳು.
‘ಅಪ್ಪನಿಗೆ ಏನು ಹೇಳಿದೆ?’ ಅಂದೆ.
‘ನೀನೇ ಸರಿ ಅಂತ ಆಯೋಗ ಒಪ್ಪಿತು, ಅಂದೆ.’
ಚಿಲ್ಲರೆ ಎಣಿಸುತ್ತ ಅಂದಳು, ತಲೆ ಎತ್ತದೆ.

ಯಂತ್ರದ ಕಾಲಿಗೆ ಈಗ ಇಟ್ಟಿಗೆ.
ಭೂಗೋಳ ಕಪಾಟಿನಲ್ಲಿದೆ, ಬೇಕಾದವರು ಕೇಳಿ.
ಇವತ್ತು ಬೆಳಗಿನಿಂದ ಮೊಣಕೈ ಒಂದೇ ಸಮ ಹಿಂಡುತ್ತಿದೆ.